ಮಕೆರೆರೆಯಲ್ಲಿ ನಿಜವಾಗ್ಲೂ ಸಂಶೋಧನೆ ನಡೆಯುತ್ತಾ?

ಉಗಾಂಡದ ರಾಜಧಾನಿ ಕಂಪಾಲಾದಲ್ಲಿದ್ದೇನೆ ಅಂದ ಕೂಡಲೇ ಊರಿನ ಕಡೆಯವರು ಕೇಳುವುದು ಇದನ್ನೇ. "ಅಲ್ಲಿ ಮಕೆರೆರೆ ಅಂತ ದೊಡ್ಡ ವಿಶ್ವವಿದ್ಯಾಲಯ ಇದೆಯಂತಲ್ಲ, ಅದರಲ್ಲಿ ಸಂಶೋಧನೆ ನಡೆಯುತ್ತಾ, ಇಲ್ಲ ಬರೀ ಹೆಸರಿಗಾ?"

ನಡೆಯುತ್ತದೆ. ಎಲ್ಲ ವಿಭಾಗದಲ್ಲೂ ಒಂದೇ ಸಮನಾಗಿ ಅಲ್ಲ. ಮನೆಬಾಗಿಲಿನ ತೊಂದರೆಯನ್ನು ಹಿಡಿದು ಹೊರಟಾಗ ಚೆನ್ನಾಗಿ ನಡೆಯುತ್ತದೆ.

1922ರಲ್ಲಿ ಇದು 14 ಹುಡುಗರ ತಾಂತ್ರಿಕ ಶಾಲೆ. ಬಡಗಿ ಕೆಲಸ, ಕಟ್ಟಡ ಕೆಲಸ, ಮೆಕ್ಯಾನಿಕ್ ಕೆಲಸ ಕಲಿಸುತ್ತಿದ್ದರು. ಆಗಿನ ಧ್ಯೇಯವಾಕ್ಯ 'ನಾವು ಗಂಡಸರಾಗೋಣ'. 1945ರಲ್ಲಿ ಹೆಣ್ಣುಮಕ್ಕಳು ಸೇರಿದರು. ಇನ್ನು ಅದನ್ನು ಇಟ್ಟುಕೊಳ್ಳೋದು ಹೇಗೆ? 'ನಾಳೆಗಾಗಿ ಕಟ್ಟುತ್ತೇವೆ' ಎಂದು ಬದಲಾಯಿಸಿದರು.

ಇಲ್ಲಿನ ವೈದ್ಯ ವಿದ್ಯಾರ್ಥಿಗಳು ಕಲಿಯುವುದು ಮುಲಾಗೊ ಆಸ್ಪತ್ರೆಯಲ್ಲಿ. 1957ರಲ್ಲಿ ಅಲ್ಲಿನ ಸರ್ಜನ್ ಡೆನಿಸ್ ಬರ್ಕಿಟ್ ಒಬ್ಬ ಪುಟ್ಟ ಹುಡುಗನನ್ನು ನೋಡಿದರು. ದವಡೆ ನಾಲ್ಕೂ ಕಡೆ ಊದಿತ್ತು. ಕೀವು ಕಟ್ಟಿದ್ದರೆ ಒಂದು ಕಡೆ ಊದಬೇಕು, ಅಲ್ವಾ? ಸ್ವಲ್ಪ ದಿನಕ್ಕೇ ಜಿಂಜಾ ಆಸ್ಪತ್ರೆಯಲ್ಲಿ ಅಂಥದೇ ಇನ್ನೊಂದು ಮಗು ಸಿಕ್ಕಿತು. ಅವರು ಸುಮ್ನೆ ಕೂರಲಿಲ್ಲ. ಆಫ್ರಿಕಾದ ಆಸ್ಪತ್ರೆಗಳಿಗೆ ಫೋಟೊ ಸಮೇತ ಪ್ರಶ್ನೆಗಳನ್ನು ಅಂಚೆಯಲ್ಲಿ ಕಳಿಸಿದರು. 1961ರಲ್ಲಿ ಇಬ್ಬರು ಡಾಕ್ಟರ್ ಗೆಳೆಯರ ಜೊತೆ ಹಳೇ ಕಾರು ಹತ್ತಿ ಸುಮಾರು 10,000 ಮೈಲಿ ಸುತ್ತಿದರು. ಬಿಸಿಲು ಮಳೆ ಎರಡೂ ಜಾಸ್ತಿ ಇರುವ ಪ್ರದೇಶಗಳಲ್ಲೇ ಈ ಕ್ಯಾನ್ಸರ್ ಗಡ್ಡೆ ಹೆಚ್ಚು ಎಂದು ತಿಳಿಯಿತು. ಉಗಾಂಡದಿಂದ ಲಂಡನ್ನಿಗೆ ಕಳಿಸಿದ ಗಡ್ಡೆಯ ತುಣುಕಿನಲ್ಲೇ 1964ರಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಸಿಕ್ಕಿತು. ಮನುಷ್ಯರ ಕ್ಯಾನ್ಸರಿಗೂ ವೈರಸ್ಸಿಗೂ ನಂಟಿದೆ ಎಂಬುದಕ್ಕೆ ಸಿಕ್ಕ ಮೊದಲ ಸುಳಿವು ಅದು.

ಈಗಿನದು ಬೇಕಾ? ಮಕೆರೆರೆಯ ಏರ್‌ಕ್ಯೂ (AirQo) ತಂಡವನ್ನು ನೋಡಿ. 2015ರಲ್ಲಿ ಶುರುವಾಯಿತು. ದೂಳು, ಸೆಕೆ, ಕೈಕೊಡುವ ಕರೆಂಟು ಎಲ್ಲ ತಡೆದುಕೊಳ್ಳುವಂಥ, ಗಾಳಿ ಎಷ್ಟು ಕೆಟ್ಟಿದೆ ಎಂದು ಅಳೆಯುವ ಅಗ್ಗದ ಯಂತ್ರವನ್ನು ಇಲ್ಲೇ ಮಾಡುತ್ತಾರೆ. ಬೋಡಾ ಬೋಡಾ ಅಂತ ಕರೆಯುವ ಬೈಕ್ ಟ್ಯಾಕ್ಸಿಗಳಿಗೂ ಅದನ್ನು ಕಟ್ಟಿದ್ದಾರೆ. ಬೈಕು ಬಾಡಿಗೆಗೆ ಓಡಿದ ಹಾಗೆ ಊರಿನ ಗಾಳಿಯ ಲೆಕ್ಕ ಸಿಗುತ್ತದೆ.

ಕುಂದುಗಳೂ ಇವೆ. 2016ರಲ್ಲಿ ಉಪನ್ಯಾಸಕರು ಬಾಕಿ ಭತ್ಯೆಗೆ ಮುಷ್ಕರ ಹೂಡಿದರು, ವಿದ್ಯಾರ್ಥಿಗಳೂ ಪ್ರತಿಭಟನೆಗಿಳಿದರು. ಅಧ್ಯಕ್ಷ ಮುಸೆವೆನಿ ವಿಶ್ವವಿದ್ಯಾಲಯವನ್ನೇ ಮುಚ್ಚಿಸಿಬಿಟ್ಟರು! ಸಂಶೋಧನೆಗೆ ಹೊರದೇಶದ ಹಣವನ್ನು ತುಂಬಾ ನೆಚ್ಚಿಕೊಂಡಿರುವುದೂ ನನಗೆ ಅಷ್ಟು ಸರಿಕಾಣುವುದಿಲ್ಲ. ದುಡ್ಡು ಕೊಟ್ಟವರು ಏನು ಹುಡುಕಬೇಕೆಂದೂ ಹೇಳುತ್ತಾರೆ. 2019ರಿಂದ ಸರ್ಕಾರವೇ ಬೇರೆ ನಿಧಿ ಕೊಡುತ್ತಿರುವುದು ವಾಸಿ.

ಹಾಗಾದರೆ ನಮ್ಮ ಹುಡುಗರನ್ನು ಕಳಿಸಬಹುದಾ? ಸಾಂಕ್ರಾಮಿಕ ರೋಗ, ಸಾರ್ವಜನಿಕ ಆರೋಗ್ಯ ಓದುವವರಾದರೆ ಧಾರಾಳವಾಗಿ. ಊಟದ ಚಿಂತೆ ಬೇಡ, ಪಕ್ಕದ ವಾಂಡೆಗೆಯಾದಲ್ಲಿ ಚಪಾತಿಯೊಳಗೆ ಮೊಟ್ಟೆ ಸುತ್ತಿಕೊಡುತ್ತಾರೆ, ಹೆಸರು ರೋಲೆಕ್ಸ್. ಕೋರ್ಸ್ ಮುಗಿಸಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿಯೋದಷ್ಟೇ ಗುರಿ ಅಂದರೆ ಇಷ್ಟು ದೂರ ಬರಬೇಕಾಗಿಲ್ಲ.