ಮೇಣ ಇಟ್ಟಲ್ಲಿ ಮದರಂಗಿ ಹಿಡಿಯಲ್ಲ

ಮುಂಬೈ ಹತ್ತಿರದ ಡೊಂಬಿವ್ಲಿ ಕಡೆ ನಮ್ಮವರ ಮದುವೆಗೆ ಮದರಂಗಿ ಹಾಕೋಕೆ ಹೋದರೆ ಈಗೀಗ ಒಂದೇ ಬೇಡಿಕೆ: "ಅಕ್ಕಾ, ಆ ಮೇಣದ ಡಿಸೈನ್ ಹಾಕಿ." ಹಾಕುತ್ತೇನೆ. ಆದರೆ ಅಂಗೈಗೆ ಮಾತ್ರ, ಅದೂ ದಪ್ಪ ಹೂವು, ದಪ್ಪ ಬಳ್ಳಿ ಆದರೆ.

ಇದು ಕೋನ್ ಕೆಲಸದ ಉಲ್ಟಾ. ಕರಗಿಸಿದ ಮೇಣದಲ್ಲಿ ಮೊದಲು ಚಿತ್ರ ಬಿಡಿಸಿ, ಅದು ಗಟ್ಟಿಯಾದ ಮೇಲೆ ಇಡೀ ಅಂಗೈಗೆ ಮದರಂಗಿ ಮೆತ್ತಬೇಕು. ಸುತ್ತಲೂ ಕೆಂಪಾಗುತ್ತದೆ, ಹೂವು ಚರ್ಮದ ಬಣ್ಣದಲ್ಲೇ ಉಳಿಯುತ್ತದೆ. ಬಾಟಿಕ್ ಬಟ್ಟೆಯದೂ ಇದೇ ಲೆಕ್ಕ, ಆದರೆ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ ಮೇಣ ತೆಗೀಬಹುದು, ಕೈಯನ್ನು ಹಾಕೋಕಾಗುತ್ತಾ!

ಯೆಮೆನ್‌ನ ಯಹೂದಿ ಮದುಮಗಳ ಕೈಗೆ ಇದನ್ನು ಇನ್ನೂ ಚೆನ್ನಾಗಿ ಮಾಡುತ್ತಿದ್ದರು. ಮೊದಲು ಬರೀ ಮದರಂಗಿ ಹಚ್ಚಿ ಕೈ ಕೆಂಪು ಮಾಡಿ, ಅದರ ಮೇಲೆ ಮೇಣದ ಚಿತ್ರ, ಆಮೇಲೆ ಶದ್ದರ್ ಅನ್ನುವ ಕ್ಷಾರದ ಲೇಪ. ಹೊರಗಿನದೆಲ್ಲ ಕಪ್ಪಾಗಿ, ಮೇಣ ತೆಗೆದರೆ ಕಪ್ಪಿನ ನಡುವೆ ಕೆಂಪು ಚಿತ್ತಾರ. ಆ ಕಪ್ಪಿನ ಆಸೆಗೆ ಅಂಗಡಿಯ ಕಾಲಿ ಮೆಹಂದಿ, ಅಂದರೆ ಕಪ್ಪು ಮದರಂಗಿ, ಮಾತ್ರ ತರಬೇಡಿ, ಅದರಲ್ಲಿ ಎಷ್ಟೋ ಸಲ ಕೂದಲ ಡೈಗೆ ಹಾಕುವ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ, ಕೈ ತುಂಬ ಗುಳ್ಳೆ ಏಳಬಹುದು.

ನಿಜವಾದ ಕಷ್ಟ ಬಿಸಿಯದು. ಜೇನುಮೇಣ ಕರಗುವುದೇ 62ರಿಂದ 64 ಡಿಗ್ರಿಗೆ, ನೇರ ಚರ್ಮಕ್ಕೆ ಬಿದ್ದರೆ ಸುಡುತ್ತದೆ. ಅದಕ್ಕೇ ನಾನು ಪಾರ್ಲರ್‌ನಲ್ಲಿ ಕೈ ಅದ್ದಲು ಇಡುತ್ತಾರಲ್ಲ, ಕಡಿಮೆ ಬಿಸಿಗೆ ಕರಗುವ ಆ ಪ್ಯಾರಾಫಿನ್ ತರುತ್ತೇನೆ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ, ಮೊದಲ ಹನಿ ನನ್ನ ಮಣಿಕಟ್ಟಿಗೇ. ಬಣ್ಣದ ಮೇಣದಬತ್ತಿ ಬೇಡವೇ ಬೇಡ.

ಇನ್ನು ಮುಂಬೈ ಬೆವರು. ಮೇ ತಿಂಗಳ ಮದುವೆಯಲ್ಲಿ ಅಂಗೈ ಬೆವರಿದರೆ ಮೇಣದ ಅಂಚು ಏಳುತ್ತದೆ, ಅಡಿಗೆ ಮದರಂಗಿ ನುಗ್ಗುತ್ತದೆ. ಎಸಿ ಇರುವ ರೂಮು ಕೇಳಿ ಪಡೆಯಿರಿ, ನಾಚಿಕೆ ಬೇಡ. ಕೈ ಮಡಚಿದರೆ ಮೇಣ ಬಿರುಕು ಬಿಟ್ಟು, ಬಿಳಿ ಹೂವಿನೊಳಗೆ ಕೂದಲೆಳೆಯಷ್ಟು ಸಣ್ಣ ಕಿತ್ತಳೆ ಗೆರೆಗಳು ಮೂಡುತ್ತವೆ. ನನಗಂತೂ ಅದೇ ಇಷ್ಟ, ಕೆಲವು ಮದುಮಗಳ ಅಮ್ಮಂದಿರಿಗೆ ಆಗಲ್ಲ.

ಹಚ್ಚುವ ಮೊದಲು ಕೈಗೆ ಎಣ್ಣೆ ಸೋಕಿಸಬೇಡಿ, ಬಣ್ಣ ಹಿಡಿಯಲ್ಲ. ತೆಗೆಯುವಾಗ ಮೊದಲು ಒಣಗಿದ ಮದರಂಗಿ ಉದುರಿಸಿ, ಆಮೇಲೆ ಮೇಣವನ್ನು ಅಂಚಿನಿಂದ ಎಬ್ಬಿಸಿ. ನೀರು ಸೋಕಿಸಬೇಡಿ. ಆಗ ಕಾಣುವುದು ತಿಳಿ ಕಿತ್ತಳೆ ಅಷ್ಟೇ, ಎರಡು ದಿನದಲ್ಲಿ ಕಪ್ಪುಗೆಂಪಿಗೆ ತಿರುಗುತ್ತದೆ. ಅದಕ್ಕೇ ಮದುವೆಯ ಹಿಂದಿನ ರಾತ್ರಿ ಕರೆದರೆ ನಾನು ಒಪ್ಪಲ್ಲ.

ಮುಂಗೈಗೆ? ಚರ್ಮ ತೆಳು, ಬಣ್ಣ ಕಡಿಮೆ, ಮೇಣ ಕೀಳುವಾಗ ಕೂದಲೂ ಬರುತ್ತದೆ. ಅಲ್ಲಿಗೆ ಸುಮ್ನೆ ಕೋನ್ ಹಿಡಿಯುತ್ತೇನೆ.