ಜರ್ಮನಿಗೆ ಓದಲು ಬರುವವರೇ, ಮೊದಲು ಅಂಚೆ ಡಬ್ಬಿ ತೆರೆಯಿರಿ

ಜುಲೈ ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ತಿಪಟೂರಿನಿಂದ, ಅರಸೀಕೆರೆಯಿಂದ, ಒಮ್ಮೊಮ್ಮೆ ಹೆಸರೂ ಕೇಳಿರದ ನೆಂಟರ ನೆಂಟರಿಂದ ಕರೆ ಬರುತ್ತದೆ. “ನಮ್ಮ ಹುಡುಗ ನಿಮ್ಮ ಜರ್ಮನಿಗೆ ಎಂ.ಎಸ್. ಓದಲು ಬರುತ್ತಿದ್ದಾನಮ್ಮ, ಸ್ವಲ್ಪ ನೋಡಿಕೊಳ್ಳಿ.” ಜರ್ಮನಿ ನನ್ನದಲ್ಲ. ಹುಡುಗ ಬರುತ್ತಿರುವುದು ಆಖನ್‌ಗೆ, ನಾನಿರುವುದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿ. ನಡುವೆ ಅರ್ಧ ದಿನ ನುಂಗುವ ರೈಲು ಪ್ರಯಾಣ. ಆದರೂ ಆಗಲಿ ಎನ್ನುತ್ತೇನೆ. ಅವರು ಕೇಳುವುದೆಲ್ಲ ಎಷ್ಟು ಲೀಟರಿನ ಕುಕ್ಕರ್ ಕಳಿಸಬೇಕು, ಚಳಿಗೆ ಎರಡು ಸ್ವೆಟರ್ ಸಾಕೇ, ಅಲ್ಲಿ ಮೊಸರು ಸಿಗುತ್ತದೆಯೇ ಎಂದು. ಸಿಗುತ್ತದೆ. ತೊಗರಿಬೇಳೆಯೂ ಸಿಗುತ್ತದೆ, ಇಂಗೂ ಸಿಗುತ್ತದೆ.

ಎರಡನೆಯ ಸುತ್ತಿನ ಕರೆಗಳು ಡಿಸೆಂಬರಿನವು. ಅವು ಹುಡುಗ ಹುಡುಗಿಯರಿಂದಲೇ ಬರುತ್ತವೆ, ರಾತ್ರಿ ಹನ್ನೊಂದರ ಮೇಲೆ. “ಅಕ್ಕಾ, ಒಂದು ಸಣ್ಣ ತೊಂದರೆಯಾಗಿದೆ.” ಆ ಸಣ್ಣ ತೊಂದರೆಯ ಬುಡ ಹುಡುಕಿಕೊಂಡು ಹೋದರೆ ಹೆಚ್ಚಿನ ಸಲ ಸಿಗುವುದು ಒಡೆಯದೆ ಬಿಟ್ಟ ಒಂದು ಲಕೋಟೆ.

ಇದನ್ನು ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಕಾರು ತಯಾರಿಸುವ ದೇಶ, ಇನ್ನೂ ಅಂಚೆ ಕಾಗದದಲ್ಲಿ ವ್ಯವಹಾರ ಮಾಡುತ್ತದೆಯೇ ಎಂದು ನಗುತ್ತಾರೆ. ಮಾಡುತ್ತದೆ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ ಬಂದರೆ ಅದರ ಪಿನ್ ಇನ್ನೊಂದು ದಿನ ಇನ್ನೊಂದು ಲಕೋಟೆಯಲ್ಲಿ ಬರುತ್ತದೆ. ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಆರೋಗ್ಯ ವಿಮೆಯವರ ಪತ್ರ, ರೇಡಿಯೊ-ಟಿವಿಗೆಂದು ಮನೆಮನೆಯಿಂದ ವಸೂಲಿಯಾಗುವ ಬಾನುಲಿ ಶುಲ್ಕದವರ ಪತ್ರ, ಎಲ್ಲವೂ ಬಾಗಿಲ ಬಳಿಯ ಆ ತಗಡಿನ ಡಬ್ಬಿಗೇ ಬೀಳುತ್ತವೆ.

ಬೀಳಬೇಕಾದರೆ ಡಬ್ಬಿಯ ಮೇಲೆ ನಿಮ್ಮ ಹೆಸರಿರಬೇಕು. ಇಲ್ಲಿ ಮನೆಗೆ ಸಂಖ್ಯೆಯಿದೆ, ಒಳಗಿನ ಫ್ಲ್ಯಾಟುಗಳಿಗೆ ಸಾಮಾನ್ಯವಾಗಿ ಇಲ್ಲ. ಅಂಚೆಯಣ್ಣ ಹೆಸರು ನೋಡಿ ಹಾಕುತ್ತಾನೆ, ಹೆಸರಿಲ್ಲದಿದ್ದರೆ ವಾಪಸು ಕಳಿಸುತ್ತಾನೆ. ನಮ್ಮವರ ಹೆಸರಿನ ಪಾಡೇ ಬೇರೆ. ಪಾಸ್‌ಪೋರ್ಟಿನ ಮನೆತನದ ಹೆಸರಿನ ಜಾಗದಲ್ಲಿ ಬಹಳಷ್ಟು ಕನ್ನಡಿಗರದ್ದು ಅಪ್ಪನ ಹೆಸರು. ಹಾಗಾಗಿ ಇಪ್ಪತ್ಮೂರರ ಹುಡುಗಿಗೆ ‘ಶ್ರೀಮತಿ ಬಸವರಾಜಪ್ಪ’ ಎಂದು ಪತ್ರ ಬರುತ್ತದೆ. ಡಬ್ಬಿಯ ಮೇಲೆ ಅವಳು ‘ಕಾವ್ಯ’ ಎಂದಷ್ಟೇ ಅಂಟಿಸಿದ್ದರೆ ಆ ಪತ್ರ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಪಾಸ್‌ಪೋರ್ಟಿನಲ್ಲಿರುವ ಇಡೀ ಹೆಸರನ್ನು ಬರೆದು ಅಂಟಿಸಿ. ಉದ್ದವಾಯಿತೆಂದು ನಾಚಬೇಡಿ, ಜರ್ಮನ್ನರು ಉದ್ದ ಪದಗಳಿಗೆ ಹೆದರುವವರಲ್ಲ.

ಕಳೆದ ಚಳಿಗಾಲದಲ್ಲಿ ದಾವಣಗೆರೆಯ ಕಡೆಯ ಹುಡುಗನೊಬ್ಬನ ಕೋಣೆಗೆ ಹೋಗಿದ್ದೆ. ಜಾಣ, ಒಳ್ಳೆಯ ಅಂಕಗಳು, ಮೊಬೈಲಿನಲ್ಲಿ ಎಲ್ಲ ಬಿಲ್ಲುಗಳನ್ನೂ ಆ ಕ್ಷಣವೇ ಕಟ್ಟುವವನು. ಡಬ್ಬಿಯ ಕೀಲಿ ಎಲ್ಲಿ ಎಂದರೆ ಅಡಿಗೆಮನೆಯ ಡ್ರಾಯರು ಜಾಲಾಡಿ, ಬೀಗದ ಕೈಗೊಂಚಲಿಗೆ ಸೇರಿಸದೇ ಇಟ್ಟಿದ್ದ ಸಣ್ಣ ಕೀಲಿಯನ್ನು ತೆಗೆದ. ಮುಚ್ಚಳ ತೆರೆದರೆ ಪಿಜ್ಜಾ ಅಂಗಡಿಯ ಕರಪತ್ರಗಳ ನಡುವೆ ಹಿಂಡಿಕೊಂಡು ಕುಳಿತಿದ್ದವು: ತೆರಿಗೆ ಸಂಖ್ಯೆ, ಬಾನುಲಿ ಶುಲ್ಕದ ಮೊದಲ ಪತ್ರ, ಅದರದೇ ದಂಡ ಸೇರಿಸಿದ ಇನ್ನೊಂದು, ವಾಸದ ಪರವಾನಗಿ ಕೊಡುವ ವಿದೇಶಿಯರ ಕಚೇರಿಗೆ ಬರಬೇಕಾದ ದಿನಾಂಕ ತಿಳಿಸುವ ಪತ್ರ. ಆ ದಿನಾಂಕ ಕಳೆದು ಮೂರು ವಾರವಾಗಿತ್ತು. ಎಲ್ಲಕ್ಕಿಂತ ಕೆಳಗೆ ಹಳದಿ ಲಕೋಟೆ.

ಹಳದಿ ಲಕೋಟೆಯ ವಿಷಯ ಬಿಡಿಸಿ ಹೇಳಬೇಕು. ಕಾನೂನಿನ ಪ್ರಕಾರ ತಲುಪಿಸಲೇಬೇಕಾದ ಆದೇಶಗಳು ಆ ಬಣ್ಣದಲ್ಲಿ ಬರುತ್ತವೆ. ಅದನ್ನು ಡಬ್ಬಿಗೆ ಹಾಕಿದ ದಿನಾಂಕವನ್ನು ಅಂಚೆಯವನು ಲಕೋಟೆಯ ಮೇಲೆಯೇ ಬರೆದಿರುತ್ತಾನೆ. ಲೆಕ್ಕ ಶುರುವಾಗುವುದು ಆ ದಿನದಿಂದ, ನೀವು ಒಡೆದ ದಿನದಿಂದಲ್ಲ. ದಂಡದ ಆದೇಶಕ್ಕೆ ಆಕ್ಷೇಪ ಸಲ್ಲಿಸಲು ಎರಡು ವಾರ. ಬೇರೆ ಕಚೇರಿಗಳ ಆದೇಶಕ್ಕೆ ಸಾಮಾನ್ಯವಾಗಿ ಒಂದು ತಿಂಗಳು. “ನಾನು ನೋಡಲಿಲ್ಲ” ಎಂಬುದು ಇಲ್ಲಿ ಉತ್ತರವಲ್ಲ. ಲಕೋಟೆಯನ್ನು ಎಸೆಯಲೂಬೇಡಿ, ದಿನಾಂಕವಿರುವುದು ಅದರ ಮೇಲೆಯೇ.

ಬಾನುಲಿ ಶುಲ್ಕವೆಂದರೆ ತಿಂಗಳಿಗೆ 18.36 ಯೂರೊ. ನಿಮ್ಮ ಬಳಿ ಟಿವಿ, ರೇಡಿಯೊ ಇರಲಿ ಇಲ್ಲದಿರಲಿ, ಮನೆಗೊಂದು. ನಾಲ್ವರು ಸೇರಿ ಒಂದು ಫ್ಲ್ಯಾಟಿನಲ್ಲಿದ್ದರೆ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಆ ಕಟ್ಟುವವರ ಶುಲ್ಕ ಖಾತೆಯ ಸಂಖ್ಯೆಯನ್ನು ಬರೆದು ಕಳಿಸಬೇಕು. ಇಷ್ಟನ್ನು ಬರೆಯದೆ ಸುಮ್ಮನೆ ಕುಳಿತು, ನಾಲ್ವರೂ ದಂಡ ಕಟ್ಟಿದ ಮನೆಗಳನ್ನು ಕಂಡಿದ್ದೇನೆ.

ಸುಮ್ಮನಿರುವುದು ನಮಗೆ ಸಂಕೋಚದಿಂದ ಬರುತ್ತದೆ, ಸೋಮಾರಿತನದಿಂದಲ್ಲ ಎಂದು ನನ್ನ ಅನಿಸಿಕೆ. ಊರಿನಲ್ಲಿ ಕಚೇರಿಯ ಕೆಲಸವೆಲ್ಲ ಅಪ್ಪನದೋ ಮಾವನದೋ. ಪತ್ರ ಬಂದರೆ ಯಾರನ್ನೋ ಹಿಡಿದು ಮಾಡಿಸಿಕೊಂಡು ಬಂದೇವು ಎಂಬ ಧೈರ್ಯ. ಇಲ್ಲಿ ಹಿಡಿಯಲು ಯಾರೂ ಇಲ್ಲ. ಅರ್ಥವಾಗದ ಭಾಷೆಯ ಪತ್ರ ಕಂಡೊಡನೆ ಮಕ್ಕಳು ಹೆದರಿ ಪಕ್ಕಕ್ಕಿಡುತ್ತಾರೆ, ಅಪ್ಪ ಅಮ್ಮನಿಗೆ ಹೇಳಿದರೆ ನೊಂದುಕೊಂಡಾರೆಂದು ನುಂಗಿಕೊಳ್ಳುತ್ತಾರೆ. ಆದರೆ ಇದೇ ಕಚೇರಿಗಳಿಗೆ ಎರಡು ಸಾಲು ಬರೆದರೆ ಕಂತು ಮಾಡಿಕೊಡುತ್ತಾರೆ, ದಿನಾಂಕ ಬದಲಿಸಿಕೊಡುತ್ತಾರೆ. ಆ ಹುಡುಗನಿಗೂ ಬದಲಿಸಿಕೊಟ್ಟರು. ಮೊಬೈಲಿನಲ್ಲಿ ಫೋಟೊ ಹಿಡಿದರೆ ಅನುವಾದವಾಗುವ ಕಾಲವಿದು. ಓದಲಾಗಲಿಲ್ಲ ಎನ್ನುವ ನೆಪವೂ ಉಳಿದಿಲ್ಲ.

ವೀಸಾ ಮುಗಿಯುವ ಮೊದಲು ವಾಸದ ಪರವಾನಗಿಗೆ ಅರ್ಜಿ ಹಾಕುವುದರಲ್ಲೂ ಇದೇ ಕಥೆ. ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ತಡವಾಗುತ್ತದೆ, ನಿಜ. ಆದರೆ ವೀಸಾ ಚಾಲ್ತಿಯಲ್ಲಿರುವಾಗಲೇ ನಿಮ್ಮ ಅರ್ಜಿ ಅವರ ಕೈಸೇರಿದ್ದರೆ, ತೀರ್ಮಾನ ಬರುವವರೆಗೆ ಹಳೆಯ ಅನುಮತಿಯೇ ಮುಂದುವರಿಯುತ್ತದೆ. ಅರ್ಜಿ ಕಳಿಸಿದ ದಾಖಲೆಯನ್ನು ಇಟ್ಟುಕೊಳ್ಳಿ. ಅವಧಿ ಮುಗಿದ ಮೇಲೆ ಕಳಿಸಿದರೆ ನಾನಲ್ಲ, ವಕೀಲರು ಬೇಕಾಗುತ್ತದೆ.

ಪರೀಕ್ಷೆಗೂ ಒಂದು ಮಾತು. ಇಲ್ಲಿನ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಪಾಠಕ್ಕೆ ಹೋದ ಮಾತ್ರಕ್ಕೆ ಪರೀಕ್ಷೆ ಬರೆಯಲಾಗದು. ನಿಗದಿಯಾದ ದಿನಗಳೊಳಗೆ ಪ್ರತಿ ಪರೀಕ್ಷೆಗೂ ಬೇರೆಯಾಗಿ ಹೆಸರು ನೋಂದಾಯಿಸಬೇಕು. ನೋಂದಾಯಿಸಿ ಹೋಗದಿದ್ದರೆ, ವೈದ್ಯರ ಪ್ರಮಾಣಪತ್ರವೂ ಇಲ್ಲದಿದ್ದರೆ, ಫೇಲು. ಒಂದು ವಿಷಯಕ್ಕೆ ಮೂರು ಅವಕಾಶ ಎಂಬುದು ಸಾಮಾನ್ಯ ನಿಯಮ. ಮೂರನೆಯದೂ ಹೋದರೆ ಆ ಕೋರ್ಸಿನಿಂದಲೇ ಹೊರಗೆ. ನಮ್ಮ ಕಡೆಯ ಸಪ್ಲಿಮೆಂಟರಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತಯಾರಿ ಆಗಿಲ್ಲವೆಂದರೆ ಕೊನೆಯ ದಿನಾಂಕದೊಳಗೆ ಹೆಸರು ಹಿಂತೆಗೆದುಕೊಳ್ಳಿ, ಅದು ಅವಮಾನವಲ್ಲ.

ಈಗ ಹಣ. ಜೀವನದ ಖರ್ಚಿಗೆ ಹಣವಿದೆ ಎಂದು ವೀಸಾಕ್ಕಾಗಿ ತೋರಿಸುವ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕೆಂದು 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾಯಿತು. ಅದು ನಿಮ್ಮದೇ ಹಣ, ಆದರೆ ತಿಂಗಳಿಗೆ 992 ಮಾತ್ರ ಕೈಗೆ ಬರುತ್ತದೆ, ಅದೂ ಇಲ್ಲಿನ ಬ್ಯಾಂಕ್ ಖಾತೆ ತೆರೆದ ಮೇಲೆ. ಮೊದಲ ತಿಂಗಳು ಕೋಣೆಯ ಮುಂಗಡ, ಹಾಸಿಗೆ, ಸೆಮಿಸ್ಟರ್ ಶುಲ್ಕ ಒಟ್ಟಿಗೇ ಬಾಯಿ ತೆರೆಯುತ್ತವೆ. ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯಾಗಿ ಎರಡು ಸಾವಿರ ಯೂರೊ ಇಟ್ಟುಕೊಂಡು ಬನ್ನಿ ಎಂದೇ ನಾನು ಹೇಳುವುದು. ಸರ್ಕಾರಿ ವಿಶ್ವವಿದ್ಯಾಲಯ ಪೂರ್ತಿ ಉಚಿತ ಎಂದು ಏಜೆಂಟರು ಹೇಳಿದರೆ ಯಾವ ರಾಜ್ಯ ಎಂದು ಕೇಳಿ. ನಮ್ಮ ಬಾಡನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕುತ್ತಿದೆ. ಏಜೆಂಟರು ಖಾಸಗಿ ಕಾಲೇಜಿನ ಹೆಸರೊಂದನ್ನೇ ಜಪಿಸುತ್ತಿದ್ದರೆ, ಅವರ ಕಮಿಷನ್ ಎಲ್ಲಿಂದ ಬರುತ್ತದೆ ಎಂದೂ ಕೇಳಿ. ಅಪ್ಪ ತೋಟ ಅಡವಿಟ್ಟು ಸಾಲ ತಂದಿರುವಾಗ ಇಂಥ ಪ್ರಶ್ನೆ ಕೇಳಲು ದಾಕ್ಷಿಣ್ಯ ಬೇಡ.

ಕೋಣೆ ಹುಡುಕುವಾಗ ಎರಡು ಬಾಡಿಗೆ ಕಾಣುತ್ತವೆ. ಕಾಲ್ಟ್ ಎಂದರೆ ಬರಿಯ ಗೋಡೆಗೆ, ವಾರ್ಮ್ ಎಂದರೆ ನೀರು, ಬಿಸಿಮಾಡುವ ಖರ್ಚು ಸೇರಿ. ಮುಂಗಡ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ಅದು ಕಾನೂನು. “ನಾನು ಲಂಡನ್‌ನಲ್ಲಿದ್ದೇನೆ, ಹಣ ಕಳಿಸಿದರೆ ಕೀಲಿ ಅಂಚೆಯಲ್ಲಿ ಬರುತ್ತದೆ” ಎನ್ನುವ ಮಾಲೀಕ ಕಳ್ಳ. “ಈ ವಿಳಾಸದಲ್ಲಿ ನಗರ ನೋಂದಣಿ ಮಾಡಿಸಬೇಡಿ” ಎನ್ನುವವನ ಕೋಣೆಯೂ ಬೇಡ: ಮನೆ ಸೇರಿದ ಎರಡು ವಾರದೊಳಗೆ ನೋಂದಣಿ ಆಗಬೇಕು, ಅದಕ್ಕೆ ಮಾಲೀಕರ ಸಹಿ ಬೇಕು. ವಿದ್ಯಾರ್ಥಿ ನಿಲಯಕ್ಕೆ ಪ್ರವೇಶ ಪತ್ರ ಸಿಕ್ಕ ದಿನವೇ ಅರ್ಜಿ ಹಾಕಿ. ವೀಸಾ ಬರಲಿ ಎಂದು ಕಾದರೆ ಸಾಲಿನ ಬಾಲದಲ್ಲಿ ನಿಲ್ಲುತ್ತೀರಿ.

ನಿಲಯ ಸಿಕ್ಕಿತೆಂದುಕೊಳ್ಳೋಣ. ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುವ ಮುನ್ನ ಚಾವಣಿ ನೋಡಿ. ಬಿಳಿಯ ಬಟ್ಟಲಿನಂಥದೊಂದು ಅಂಟಿಕೊಂಡಿರುತ್ತದೆ, ಅದು ಹೊಗೆಯ ಎಚ್ಚರಿಕೆ ಗಂಟೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದು ಕಪ್ಪಾಗುವಷ್ಟರಲ್ಲಿ ಕೂಗಿಕೊಳ್ಳುತ್ತದೆ. ಆಗ ಎಲ್ಲರೂ ಮಾಡುವುದು ಹೊಗೆ ಹೋಗಲೆಂದು ಕಾರಿಡಾರಿನ ಬಾಗಿಲು ತೆರೆಯುವುದು. ಕಾರಿಡಾರಿನ ಗಂಟೆಗೆ ಕೆಲವು ಕಟ್ಟಡಗಳಲ್ಲಿ ಅಗ್ನಿಶಾಮಕ ದಳದ ನೇರ ಸಂಪರ್ಕವಿರುತ್ತದೆ. ಅವರು ಗಾಡಿ ಸಮೇತ ಬಂದು ನಿಮ್ಮ ಸಾರಿನ ಪಾತ್ರೆಯನ್ನು ನೋಡಿ ಹೋಗುತ್ತಾರೆ, ಬಿಲ್ಲು ಆಮೇಲೆ ಅಂಚೆಯಲ್ಲಿ ಬರುತ್ತದೆ. ತೆರೆಯಬೇಕಾದ್ದು ಕಿಟಕಿಯನ್ನು. ಬಾಗಿಲು ಮುಚ್ಚಿಯೇ ಇರಲಿ.

ಕೆಲಸದ ವಿಷಯದಲ್ಲಿ ಮೊದಲಿನ ಹುಮ್ಮಸ್ಸು ಈಗಿಲ್ಲ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು, ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಬಹುದು. ಕಾನೂನು ಉದಾರವಾಗಿಯೇ ಇದೆ. ಆದರೆ ನಮ್ಮ ಈ ಕಾರುಗಳ ಸೀಮೆಯಲ್ಲೇ ಬಾಷ್ ಕಂಪನಿ 2025ರಲ್ಲಿ ಇನ್ನೂ 13,000ದಷ್ಟು ಹುದ್ದೆ ಕಡಿತ ಘೋಷಿಸಿತು. ಇಂಗ್ಲಿಷಿನಲ್ಲೇ ಓದಿ ಇಂಗ್ಲಿಷಿನಲ್ಲೇ ಕೆಲಸ ಹಿಡಿಯುತ್ತೇನೆ ಎಂದುಕೊಂಡು ಬರುವವರಿಗೆ ಈಗ ಕಷ್ಟ. ನಾಲ್ವರು ಕನ್ನಡಿಗರು ಒಂದೇ ಫ್ಲ್ಯಾಟಿನಲ್ಲಿದ್ದು ಜರ್ಮನ್ ಬರುವುದಿಲ್ಲ ಎಂದು ಕೊರಗಿದರೆ ನನಗೆ ಮರುಕ ಬರುವುದಿಲ್ಲ. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ನಮ್ಮ ಎಸ್ಲಿಂಗನ್‌ನಲ್ಲಿ, 1894ರ ಕನ್ನಡ ನಿಘಂಟಿನ ಕಿಟ್ಟೆಲ್ ಇಲ್ಲೇ ಹತ್ತಿರದ ಟ್ಯೂಬಿಂಗನ್‌ನಲ್ಲಿ. ಅವರು ನಮ್ಮಲ್ಲಿಗೆ ಬಂದು ಹಳಗನ್ನಡದವರೆಗೂ ಹೋದರು. ನಿಮ್ಮಿಂದ ಜರ್ಮನ್‌ನಲ್ಲಿ ಬಿ1 ಮಟ್ಟ, ಅಂದರೆ ದಿನನಿತ್ಯದ ಮಾತುಕತೆಗೆ ಸಾಕಾಗುವಷ್ಟು, ಕೇಳುವುದು ಅತಿಯಾಯಿತೇ?

ಮೈ ಹುಷಾರು ತಪ್ಪಿದರೂ ಸಹಿಸಿಕೊಂಡು ಮಲಗಬೇಡಿ. ಪ್ರಾಣಾಪಾಯಕ್ಕೆ 112. ಜೀವಕ್ಕೆ ತೊಂದರೆಯಿಲ್ಲ ಆದರೆ ಬೆಳಗಿನವರೆಗೆ ಕಾಯಲಾಗದು ಎಂಬಂಥದ್ದಕ್ಕೆ 116117. ಎರಡನ್ನೂ ಫೋನಿನಲ್ಲಿ ಇಂದೇ ಉಳಿಸಿಕೊಳ್ಳಿ.

ಇನ್ನು ಅಮ್ಮಂದಿರ ಸೂಟ್‌ಕೇಸ್. ಕುಕ್ಕರ್ ತರುವುದಾದರೆ ತಳ ಇಂಡಕ್ಷನ್‌ಗೆ ಆಗುವಂಥದ್ದಿರಲಿ, ಬರಿಯ ಅಲ್ಯೂಮಿನಿಯಂ ಅನೇಕ ನಿಲಯಗಳ ಒಲೆಯ ಮೇಲೆ ಕಾಯುವುದೇ ಇಲ್ಲ. ಚಳಿಯ ಜಾಕೆಟ್ ಇಲ್ಲೇ ಕೊಳ್ಳಿ. ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಅಂದರೆ ಧಾರವಾಡದ ಪೇಡಾ ಇಲ್ಲ, ಬೆಳಗಾವಿಯ ಕುಂದಾ ಇಲ್ಲ, ಅಜ್ಜಿ ಕಾಯಿಸಿದ ತುಪ್ಪವೂ ಇಲ್ಲ. ಹಸಿ ಕರಿಬೇವಿಗೂ ಮಾವಿನಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದನ್ನು ಮಾಡಿಸುವ ತಾಯಿಯನ್ನು ನಾನಿನ್ನೂ ನೋಡಿಲ್ಲ. ಚಟ್ನಿಪುಡಿ, ಸಾರಿನಪುಡಿ ಧಾರಾಳವಾಗಿ ಬರಲಿ. ಪ್ರಮಾಣಪತ್ರದ ಗೊಡವೆಯಿಲ್ಲದೆ ತರಬಹುದಾದ ಐದು ಹಣ್ಣುಗಳೆಂದು ಒಕ್ಕೂಟ ಪಟ್ಟಿ ಮಾಡಿದೆ: ಅನಾನಸ್, ಬಾಳೆಹಣ್ಣು, ಖರ್ಜೂರ, ಡುರಿಯನ್, ಮತ್ತು ತೆಂಗಿನಕಾಯಿ. ತಿಪಟೂರಿನವಳಾಗಿ ಈ ಪಟ್ಟಿಯನ್ನು ಓದಿದ ದಿನ ಈ ಒಕ್ಕೂಟದ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿಯಿತು. ಇಲ್ಲಿ ಸಿಗುವ ಕಾಯಿ ಅರ್ಧಕ್ಕರ್ಧ ಒಳಗೆ ಕೊಳೆತಿರುತ್ತದೆ. ಸೆಪ್ಟೆಂಬರ್‌ನಲ್ಲಿ ಸ್ಟುಟ್‌ಗಾರ್ಟಿಗೆ ಬರುವವರಿಗೆ ಲಗೇಜಿನಲ್ಲಿ ಎರಡು ಕಿಲೋ ಜಾಗ ಉಳಿದಿದ್ದರೆ ನನಗೆ ಬರೆಯಿರಿ. ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ.