ನಾಲ್ಕು ಕೋರ್ ಕೊಟ್ಟರೂ ಓಡಿದ್ದು ಒಂದೇ

2021ರಲ್ಲಿ ನಮ್ಮ ತಂಡಕ್ಕೆ ಎಂ1 ಚಿಪ್‌ನ ಮ್ಯಾಕ್‌ಬುಕ್‌ಗಳು ಬಂದವು. ಟೆಸ್ಟಿಂಗ್‌ಗೆ ಬೇಕಾದ ವರ್ಚುವಲ್ ಮಷಿನ್ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ, ವರ್ಚುವಲ್ ಮಷಿನ್ ಓಡಿಸುವ ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರ್ ಮೇಲೆ ಚೆನ್ನಾಗಿ ನಡೆಯುತ್ತಿದ್ದ ಹಳೆಯ ಉಬುಂಟು ಲಿನಕ್ಸ್ ಇಮೇಜನ್ನೇ (ಸಿದ್ಧ ಡಿಸ್ಕ್ ಫೈಲ್) ಇವಕ್ಕೂ ಹಾಕಿದರಾಯಿತು ಅಂದುಕೊಂಡಿದ್ದೆ. ಆದರೆ ಆಗಿನ ವರ್ಚುವಲ್‌ಬಾಕ್ಸ್ ಎಂ1 ಮೇಲೆ ನಡೆಯುತ್ತಲೇ ಇರಲಿಲ್ಲ.

ವರ್ಚುವಲೈಸೇಶನ್‌ನಲ್ಲಿ ಗೆಸ್ಟ್‌ನ, ಅಂದರೆ ಒಳಗೆ ಓಡುವ ಸಿಸ್ಟಮ್‌ನ, ಬಹುಪಾಲು ಕೋಡ್ ನೇರವಾಗಿ ಪ್ರೊಸೆಸರ್ ಮೇಲೇ ಓಡುತ್ತದೆ. ಅದರ ವೇಗಕ್ಕೆ ಅದೇ ಕಾರಣ. ನಮ್ಮ ಇಮೇಜ್ ಇಂಟೆಲ್ ಪ್ರೊಸೆಸರ್‌ಗಳ ಎಕ್ಸ್86 ಬಗೆಯದು, ಎಂ1 ಆರ್ಮ್ ಬಗೆಯದು. ಒಂದರ ಭಾಷೆ ಇನ್ನೊಂದಕ್ಕೆ ಗೊತ್ತಿಲ್ಲ. ಉಳಿದ ದಾರಿ ಎಮ್ಯುಲೇಶನ್, ಅಂದರೆ ಓಡುತ್ತಿರುವಾಗಲೇ ಕೋಡನ್ನು ಅನುವಾದ ಮಾಡುತ್ತಾ ಹೋಗುವುದು. ಮ್ಯಾಕ್‌ನಲ್ಲಿ ವರ್ಚುವಲ್ ಮಷಿನ್ ಓಡಿಸುವ ಯುಟಿಎಂ ಆ್ಯಪ್ ಹಾಕಿದೆ. ಅದರೊಳಗೆ ಈ ಕೆಲಸ ಮಾಡುವುದು ಕ್ಯೂಎಮು.

ಇಮೇಜ್ ಬೂಟ್ ಆಯಿತು. ಆದರೆ ತುಂಬಾ ನಿಧಾನ. ನಾಲ್ಕು ಕೋರ್ (ಪ್ರೊಸೆಸರ್‌ನೊಳಗೆ ಒಟ್ಟಿಗೇ ಕೆಲಸ ಮಾಡಬಲ್ಲ ಘಟಕಗಳು) ಕೊಟ್ಟೆ, ಸ್ವಲ್ಪವೂ ವ್ಯತ್ಯಾಸವಿಲ್ಲ. ಆಕ್ಟಿವಿಟಿ ಮಾನಿಟರ್ ನೋಡಿದರೆ ಕ್ಯೂಎಮು 100% ಹತ್ತಿರವೇ ನಿಂತಿತ್ತು, ಅಂದರೆ ಒಂದೇ ಕೋರ್‌ನ ಕೆಲಸ. ಸೆಟ್ಟಿಂಗ್ಸ್‌ನಲ್ಲಿ 'ಫೋರ್ಸ್ ಮಲ್ಟಿಕೋರ್' ಅಂತ ಒಂದು ಆಯ್ಕೆ ಕಾಣಿಸಿತು. ಆನ್ ಮಾಡಿ ತಂಡಕ್ಕೆ ಕೊಟ್ಟುಬಿಟ್ಟೆ.

ತಪ್ಪಾಗಿದ್ದು ಅಲ್ಲೇ. ಮಾರನೇ ದಿನದಿಂದ ನಮ್ಮ ಸರ್ವಿಸ್ ಆಗೊಮ್ಮೆ ಈಗೊಮ್ಮೆ ಸುಮ್ನೆ ನಿಂತುಹೋಗತೊಡಗಿತು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಎರಡು ದಿನ ತನ್ನ ಕೋಡ್‌ನಲ್ಲೇ ತಪ್ಪು ಹುಡುಕಿದಳು. "ಸರ್, ಇಂಟೆಲ್ ಮಷಿನ್‌ನಲ್ಲಿ ಒಂದು ಸಲಾನೂ ಹೀಗಾಗಲ್ಲ" ಅಂದಾಗಲೇ ನನಗೆ ಹೊಳೆದದ್ದು.

ಎಕ್ಸ್86ನಲ್ಲಿ ಒಂದು ಕೋರ್ ಮೆಮೊರಿಗೆ ಯಾವ ಕ್ರಮದಲ್ಲಿ ಬರೆಯುತ್ತದೋ ಉಳಿದ ಕೋರ್‌ಗಳಿಗೂ ಅದೇ ಕ್ರಮದಲ್ಲಿ ಕಾಣುತ್ತದೆ. ಆರ್ಮ್‌ನಲ್ಲಿ ಕ್ರಮ ಹಿಂದುಮುಂದಾಗಬಹುದು, ಆ ಕ್ರಮವನ್ನು ನಂಬಿದ ಎಕ್ಸ್86 ಕೋಡ್ ಆಗ ಎಡವುತ್ತದೆ. ಅದಕ್ಕೇ ಆಗಿನ ಕ್ಯೂಎಮು ನಾಲ್ಕೂ ಕೋರ್‌ಗಳನ್ನು ಒಂದೇ ಥ್ರೆಡ್‌ನಲ್ಲಿ ಸರದಿಯಂತೆ ಓಡಿಸುತ್ತಿತ್ತು. ಸುರಕ್ಷತೆಗೆಂದು ಇಟ್ಟಿದ್ದ ಆ ತಡೆಯನ್ನೇ ನಾನು ತೆಗೆದುಹಾಕಿದ್ದೆ. ಅವಳ ಎರಡು ದಿನ ನನ್ನಿಂದ ಹಾಳಾಯಿತು ಅನ್ನೋ ಬೇಜಾರು ಈಗಲೂ ಇದೆ.

ಆಮೇಲೆ ಆರ್ಮ್ ಉಬುಂಟುವಿನಲ್ಲಿ ಹೊಸ ಇಮೇಜ್ ಕಟ್ಟಿದೆವು. ಎಮ್ಯುಲೇಶನ್ ಬೇಕಿಲ್ಲ, ಸಲೀಸಾಗಿ ಓಡುತ್ತದೆ. ಎಕ್ಸ್86 ಬಿಟ್ಟು ಬೇರೆಲ್ಲೂ ಓಡದ ಒಂದು ಹಳೆಯ ಲೈಬ್ರರಿಗಾಗಿ ಮೂಲೆಯಲ್ಲಿದ್ದ ಇಂಟೆಲ್ ಡೆಸ್ಕ್‌ಟಾಪ್‌ಗೆ ಲಿನಕ್ಸ್‌ನ ವರ್ಚುವಲೈಸೇಶನ್ ಸೌಲಭ್ಯವಾದ ಕೆವಿಎಂ ಹಾಕಿ, ತಮ್ಮ ಲ್ಯಾಪ್‌ಟಾಪ್‌ನಿಂದಲೇ ಅದಕ್ಕೆ ಲಾಗಿನ್ ಆಗಲು ಎಲ್ಲರಿಗೂ ಎಸ್‌ಎಸ್‌ಎಚ್ ಕೊಟ್ಟೆ. ಈಗ ಯಾರಾದರೂ ಇಮೇಜ್ ಕೇಳಿದರೆ ಮೊದಲು ಅವರ ಟರ್ಮಿನಲ್‌ನಲ್ಲಿ 'ಯುನೇಮ್ -ಎಂ' ಹೊಡೆಸುತ್ತೇನೆ, ಮಷಿನ್ ಎಕ್ಸ್86ನದೋ ಆರ್ಮ್‌ನದೋ ಅಂತ ಅದು ಹೇಳುತ್ತದೆ.

2024ರಲ್ಲಿ ವರ್ಚುವಲ್‌ಬಾಕ್ಸ್ 7.1 ಆಪಲ್ ಚಿಪ್‌ಗಳಿಗೂ ಬಂತು. ಹಳೆಯ ಎಕ್ಸ್86 ಇಮೇಜನ್ನೇ ಮತ್ತೆ ಬಳಸಬಹುದಲ್ವಾ ಅಂತ ತಂಡದಲ್ಲಿ ಕೇಳಿದರು. ಆದರೆ ಅಲ್ಲಿ ಓಡುವುದು ಆರ್ಮ್ ಗೆಸ್ಟ್‌ಗಳು ಮಾತ್ರ. ಆ ಡೆಸ್ಕ್‌ಟಾಪ್ ಇನ್ನೂ ಮೂಲೆಯಲ್ಲೇ ಇದೆ.